ಹಾರೋದಾ, ತಲುಪೋದಾ?

ಪೇಟೆ ಬೀದಿಯಲ್ಲಿ ಟಿಕೆಟ್ ಅಕ್ಕನ ಅಂಗಡಿ ಎಲ್ಲಿ ಎಂದರೆ ಯಾರು ಬೇಕಾದರೂ ತೋರಿಸುತ್ತಾರೆ. ಬೀಗ ರಿಪೇರಿಯವನ ಪಕ್ಕ, ಕನ್ನಡಕದ ಅಂಗಡಿಯ ಮೇಲೆ, ಕಡಿದಾದ ಮೆಟ್ಟಿಲು ಹತ್ತಿದರೆ ಒಂದೇ ಒಂದು ಕೋಣೆ. ಎರಡು ಕುರ್ಚಿ, ಒಂದು ಕಂಪ್ಯೂಟರ್, ಗೋಡೆಗೊಂದು ಭೂಪಟ, ಬಾಲ ಮುರಿದು ಅಂಟು ಹಾಕಿಸಿಕೊಂಡ ಪ್ಲಾಸ್ಟಿಕ್ ವಿಮಾನ. ವಿಮಾನದ ಟಿಕೆಟ್ಟು ಈಗ ಎಲ್ಲರ ಫೋನಿನಲ್ಲೂ ಸಿಗುತ್ತದೆ, ನಿಜ. ಆದರೂ ಮೊದಲ ಸಲ ಹಾರುವವರು, ಹೆದರುವವರು, ಯಾರಿಗೋ ಹುಷಾರಿಲ್ಲ ಎಂದು ಗಡಿಬಿಡಿಯಲ್ಲಿ ಹೊರಟವರು ಇವಳ ಮೆಟ್ಟಿಲನ್ನೇ ಹತ್ತುತ್ತಾರೆ. ಏಕೆಂದರೆ ಫೋನು ಬೈಯುವುದಿಲ್ಲ, ಟಿಕೆಟ್ ಅಕ್ಕ ಬೈಯುತ್ತಾಳೆ, ಬೈದು ಸರಿಯಾದ ವಿಮಾನಕ್ಕೆ ಹತ್ತಿಸುತ್ತಾಳೆ.

ಬಂದವರು ಕೂರುವ ಮೊದಲೇ ಕೇಳುವ ಪ್ರಶ್ನೆ ಒಂದೇ. "ಇಲ್ಲಿಂದ ಅಲ್ಲಿಗೆ ಎಷ್ಟು ಹೊತ್ತು ಅಕ್ಕಾ?"

ಅವಳು ಕನ್ನಡಕದ ಮೇಲಿಂದ ನೋಡಿ ಕೇಳುತ್ತಿದ್ದಳು: "ಹಾರೋದಾ, ತಲುಪೋದಾ?"

ಹಾರುವುದು ಬೇರೆ, ತಲುಪುವುದು ಬೇರೆ ಎನ್ನುವುದು ಅವಳ ಇಪ್ಪತ್ತು ವರ್ಷದ ದುಡಿಮೆಯ ಸಾರ. "ಹಾರೋದು ಒಂದು ಗಂಟೆ ಕಣಪ್ಪ. ಅದು ವಿಮಾನದ ಲೆಕ್ಕ. ನೀನು ಮನೆ ಬಿಡಬೇಕು, ಬಿಟ್ಟು ಹೋದದ್ದು ತರೋಕೆ ವಾಪಸ್ ಬರಬೇಕು, ಟ್ರಾಫಿಕ್ಕಲ್ಲಿ ನಿಲ್ಲಬೇಕು, ಕ್ಯೂನಲ್ಲಿ ಬೆಲ್ಟ್ ಬಿಚ್ಚಬೇಕು, ಇಳಿದ ಮೇಲೆ ಪೆಟ್ಟಿಗೆ ಬರೋ ತನಕ ಆ ರಬ್ಬರ್ ಪಟ್ಟಿಯ ಬಳೆ ತಿರುಗೋದನ್ನ ಬಾಯಿ ಬಿಟ್ಕೊಂಡು ನೋಡಬೇಕು. ತಲುಪೋದು ಅರ್ಧ ದಿವಸ." ಎರಡು ಊರಿನ ಹೆಸರು ಹಾಕಿದರೆ ದೂರ ಇಷ್ಟು, ಹೊತ್ತು ಇಷ್ಟು ಎಂದು ಲೆಕ್ಕ ಉದುರಿಸುವ ಪುಟಗಳು ಫೋನಿನಲ್ಲಿ ಬರುತ್ತವಲ್ಲ, ಅವನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಒಂದು ವಿಮಾನ ನಿಲ್ದಾಣದಿಂದ ಇನ್ನೊಂದಕ್ಕೆ ಬಾಗಿದ ನೀಲಿ ಗೆರೆ ಎಳೆದಿರುತ್ತಾರೆ. ಆ ಗೆರೆ ಎಳೆದವನು ಜನ್ಮದಲ್ಲಿ ಒಂದು ಸಿಗ್ನಲ್ಲಿನಲ್ಲಿ ನಿಂತವನಲ್ಲ ಎನ್ನುತ್ತಿದ್ದಳು.

ಅಂಥವಳು ಆ ದಿನ ಬೆಳಿಗ್ಗೆ ಆಸ್ಪತ್ರೆಯ ವರಾಂಡದಲ್ಲಿ ನಿಂತು ತನ್ನ ಪ್ರಶ್ನೆಯನ್ನೇ ನುಂಗಿಕೊಂಡಳು. ಊರಿಗೆಲ್ಲ ಬುದ್ಧಿ ಹೇಳಿದವಳು ತನ್ನ ಹೊಸಿಲಲ್ಲೇ ಎಡವಿದಳು. ಎಡವಿದ್ದು ಸಣ್ಣ ಕಲ್ಲಿಗಲ್ಲ.

ಮಗಳಿಗೆ ದಿನ ತುಂಬಲು ಇನ್ನೂ ಮೂರು ವಾರವಿತ್ತು. ಬೆಳಿಗ್ಗೆ ಬಚ್ಚಲುಮನೆಯಿಂದ "ಅಮ್ಮಾ" ಎಂದ ದನಿ ಕೇಳಿಯೇ ಟಿಕೆಟ್ ಅಕ್ಕ ಕೈಯ ಕೆಲಸ ಬಿಟ್ಟು ಓಡಿದ್ದಳು. ಹೋಗಿ ನೋಡಿದರೆ ನೆಲದ ಮೇಲೆ ರಕ್ತ. ಅಳಿಯ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು, ಕೆಂಪು ಬಣ್ಣ ಚೆಲ್ಲಿದರೂ ಕಣ್ಣು ಮುಚ್ಚಿಕೊಳ್ಳುವ ಆಸಾಮಿ. ಅವನನ್ನೂ ಮಗಳನ್ನೂ ಎರಡು ಕೈಯಲ್ಲಿ ಹಿಡಿದುಕೊಂಡು ಆಸ್ಪತ್ರೆಗೆ ಬಂದದ್ದು ಹೇಗೆಂದು ಅವಳಿಗೇ ಗೊತ್ತಿಲ್ಲ.

ಡಾಕ್ಟರಮ್ಮ ಪರೀಕ್ಷೆ ಮಾಡಿ ಹೊರಗೆ ಬಂದರು. ಸುತ್ತಿ ಬಳಸಿ ಮಾತಾಡುವವರಲ್ಲ.

"ಮಾಸು ಕೆಳಗೆ, ಗರ್ಭದ ಬಾಯಿಗೆ ಅಡ್ಡ ಕೂತಿದೆ. ಸದ್ಯಕ್ಕೆ ರಕ್ತ ಸ್ವಲ್ಪ ಸ್ವಲ್ಪವೇ ಹೋಗ್ತಿದೆ. ಆಪರೇಷನ್ ಮಾಡಲೇಬೇಕು. ಮಾಡಿದ್ರೆ ರಕ್ತ ಬೇಕೇ ಬೇಕು. ಇವಳ ಗುಂಪಿಂದು ನಮ್ಮಲ್ಲಿ ಒಂದು ಹನಿ ಇಲ್ಲ. ಬೇರೆ ಯಾವುದೂ ಇವಳಿಗೆ ಆಗಲ್ಲ, ನಿಮಗೆ ಗೊತ್ತೇ ಇದೆ."

ಗೊತ್ತಿತ್ತು. ಎಷ್ಟೋ ಸಾವಿರ ಜನರಲ್ಲಿ ಒಬ್ಬರಿಗೆ ಇರುವ ರಕ್ತ ಅದು. ಅವರ ಮನೆಯಲ್ಲಿ ಇಬ್ಬರಿಗೆ ಇತ್ತು: ಮಗಳಿಗೆ, ಮತ್ತು ಮಗಳ ಸೋದರಮಾವನಿಗೆ, ಅಂದರೆ ಟಿಕೆಟ್ ಅಕ್ಕನ ತಮ್ಮನಿಗೆ. ತಮ್ಮ ಲಿಫ್ಟ್ ರಿಪೇರಿ ಮಾಡುವವನು. ಕೆಲವು ವರ್ಷಗಳ ಹಿಂದೆ ಲಿಫ್ಟಿನ ಗುಂಡಿಗೆ ಬಿದ್ದು ಆಸ್ಪತ್ರೆ ಸೇರಿದಾಗಲೇ ಈ ವಿಷಯ ಹೊರಬಿದ್ದದ್ದು. ಆಗ ಕಾಲೇಜಿಗೆ ಹೋಗುತ್ತಿದ್ದ ಮಗಳು ತೋಳು ಚಾಚಿ ಮಾವನಿಗೆ ರಕ್ತ ಕೊಟ್ಟಿದ್ದಳು. "ಇನ್ಮೇಲೆ ಬೈಬೇಡ ಮಾಮ, ನಿನ್ನ ಮೈಯೊಳಗೆ ನಾನಿದೀನಿ" ಎಂದು ನಗಿಸಿದ್ದಳು.

ಆ ಮಾವನಿಗೆ ಮನೆಯಲ್ಲಿ ಒಂದು ಅಡ್ಡಹೆಸರಿತ್ತು. ಬಂದೆಮಾಮ. ಇಟ್ಟವಳು ಮಗಳೇ, ಐದು ವರ್ಷದವಳಿದ್ದಾಗ. ಎಲ್ಲಿದೀಯ ಎಂದು ಯಾವಾಗ ಕೇಳಿದರೂ ಅವನದು ಒಂದೇ ಉತ್ತರ: ಬಂದೆ! ಅವನು "ಬಂದೆ" ಎಂದರೆ ಸ್ನಾನಕ್ಕೆ ಟವಲ್ ಹುಡುಕುತ್ತಿದ್ದಾನೆ ಎಂದರ್ಥ. "ಬಂದ್ಬಿಟ್ಟೆ" ಎಂದರೆ ಚಪ್ಪಲಿ ಮೆಟ್ಟುತ್ತಿದ್ದಾನೆ. "ಬಾಗಿಲಲ್ಲೇ ಇದೀನಿ" ಎಂದರೆ ಬಾಗಿಲು ನಿಜ, ಆದರೆ ಅವನ ಮನೆಯದು. ಸುಳ್ಳುಗಾರನೇನಲ್ಲ ಪಾಪ. ಯಾರಾದರೂ ಕರೆದರೆ ಅವನ ಮನಸ್ಸು ಆ ಕ್ಷಣವೇ ಬಂದಾಗಿರುತ್ತಿತ್ತು, ಕಾಲು ಮಾತ್ರ ಹಿಂದೆ ಉಳಿದಿರುತ್ತಿತ್ತು. ಹೆರಿಗೆಗೆ ಒಂದು ತಿಂಗಳು ಮೊದಲೇ ಬಂದು ಇಲ್ಲೇ ಇರು ಎಂದು ಡಾಕ್ಟರಮ್ಮ ಹೇಳಿಸಿದ್ದರು. "ಬಂದೆ ಅಕ್ಕ, ಈ ಏರ್‌ಪೋರ್ಟ್ ಲಿಫ್ಟ್ ಒಂದು ಮುಗಿದ್ರೆ ಬಂದೆ" ಎನ್ನುತ್ತಲೇ ವಾರ ಕಳೆದಿತ್ತು.

"ನಿಮ್ಮ ತಮ್ಮ ಬಂದ್ರಾ?" ಎಂದು ಡಾಕ್ಟರಮ್ಮ ಕೇಳಿದರು. "ಇಲ್ಲ ಅಂದ್ರೆ ಈಗಲೇ ಹೇಳಿ. ಘಾಟಿ ಆಚೆ ದೊಡ್ಡಾಸ್ಪತ್ರೆಯಲ್ಲಿ ಈ ಗುಂಪಿನದು ಎರಡು ಬ್ಯಾಗ್ ಇದೆಯಂತೆ, ಈಗಷ್ಟೇ ವಿಚಾರಿಸಿದೆ. ಆಂಬುಲೆನ್ಸ್ ಕೆಳಗೇ ನಿಂತಿದೆ. ಮೂರೂವರೆ ಗಂಟೆ ದಾರಿ. ಕುಲುಕಾಟ ಇದೆ, ದಾರೀಲಿ ರಕ್ತ ಜಾಸ್ತಿ ಆದ್ರೆ ಕಷ್ಟ. ಆದ್ರೂ ಒಂದು ದಾರಿ ಅಂತೂ ಇದೆ. ನಿಮ್ಮ ತಮ್ಮ ಅದಕ್ಕಿಂತ ಬೇಗ ಬರ್ತಾರೆ ಅಂದ್ರೆ ನಾನು ಇವಳನ್ನ ಅಲುಗಾಡಿಸಲ್ಲ."

ಟಿಕೆಟ್ ಅಕ್ಕ ಫೋನು ಹಚ್ಚಿದಳು.

"ಲೋ, ಎಲ್ಲಿದೀಯೋ?"

"ಏರ್‌ಪೋರ್ಟಲ್ಲೇ ಇದೀನಿ ಅಕ್ಕ. ಯಾಕೆ ದನಿ ಹಂಗಿದೆ?"

ಹಿಂದೆ ಗಂಟೆ ಬಾರಿಸಿ ಯಾವುದೋ ವಿಮಾನಕ್ಕೆ ಜನರನ್ನು ಕರೆಯುತ್ತಿದ್ದುದು ಕೇಳುತ್ತಿತ್ತು. ಅವಳು ಎರಡು ಮಾತಿನಲ್ಲಿ ಹೇಳಿದಳು. ಅತ್ತ ಕಡೆ ಏನೋ ಕಬ್ಬಿಣದ್ದು ಠಣಾರನೆ ಕೆಳಗೆ ಬಿತ್ತು.

"ಅಯ್ಯೋ ನನ್ನ ಕಂದ! ಅಕ್ಕ, ಬಂದೆ. ಬಂದ್ಬಿಟ್ಟೆ ಅಂತ ತಿಳ್ಕೋ!"

ಫೋನು ಕಟ್ಟಾಯಿತು. ಅವಳು ಅಲ್ಲೇ ನಿಂತು ಟಿಕೆಟ್ ಮಾಡಿ ಅವನ ಫೋನಿಗೆ ಕಳಿಸಿದಳು. ಇಪ್ಪತ್ತು ವರ್ಷದಲ್ಲಿ ಅಷ್ಟು ಬೇಗ ಯಾವ ಟಿಕೆಟ್ಟೂ ಮಾಡಿರಲಿಲ್ಲ. ಇನ್ನೊಂದು ಗಂಟೆಯಲ್ಲಿ ಹೊರಡುವ ವಿಮಾನದಲ್ಲಿ ಒಂದು ಸೀಟು ಇತ್ತು. ಅವನು ಏರ್‌ಪೋರ್ಟಿನಲ್ಲೇ ಇದ್ದಾನೆ. ದೇವರು ಇದ್ದಾನೆ ಎಂದುಕೊಂಡಳು.

ಅಷ್ಟರಲ್ಲಿ ಅಳಿಯ ತನ್ನ ಫೋನು ಹಿಡಿದು ಓಡಿಬಂದ. "ಅತ್ತೆ, ನೋಡಿ, ಐನೂರ ಅರವತ್ತು ಕಿಲೋಮೀಟರ್ ಅಷ್ಟೇ. ಒಂದು ಗಂಟೆ ಹತ್ತು ನಿಮಿಷ! ಡಾಕ್ಟ್ರೇ, ನೋಡಿ!" ಬಾಗಿದ ನೀಲಿ ಗೆರೆ. ಆ ತುದಿಯಲ್ಲೊಂದು ಚುಕ್ಕೆ, ಈ ತುದಿಯಲ್ಲೊಂದು ಚುಕ್ಕೆ.

"ಒಂದು ಗಂಟೆ ಹತ್ತು ನಿಮಿಷದಲ್ಲಿ ಇಲ್ಲಿರ್ತಾರಾ?" ಡಾಕ್ಟರಮ್ಮ ಅವಳ ಮುಖವನ್ನೇ ನೋಡಿದರು.

ಹಾರೋದಾ, ತಲುಪೋದಾ? ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಹೊರಡುವುದಕ್ಕೇ ಒಂದು ಗಂಟೆ, ಹಾರುವುದಕ್ಕೆ ಒಂದು ಗಂಟೆಯ ಮೇಲೆ, ಇಳಿದು ಊರೊಳಗೆ ಬರಲು ಮುಕ್ಕಾಲು ಗಂಟೆ. ಎಲ್ಲ ಸರಿಯಾಗಿ ನಡೆದರೂ ಮೂರು ಗಂಟೆ. ಅದನ್ನು ಹೇಳಿದರೆ ಡಾಕ್ಟರಮ್ಮ ಮಗಳನ್ನು ಎತ್ತಿ ಆಂಬುಲೆನ್ಸಿಗೆ ಹಾಕುತ್ತಾರೆ. ಘಾಟಿಯ ತಿರುವುಗಳು, ಹೊಂಡಗಳು, ನಡುದಾರಿಯಲ್ಲಿ ರಕ್ತ. ಮೂರು ಗಂಟೆಗೂ ಮೂರೂವರೆಗೂ ಎಷ್ಟು ವ್ಯತ್ಯಾಸ? ಇಲ್ಲೇ ಮಲಗಿರಲಿ ನನ್ನ ಮಗು, ಅಲುಗಾಡದೆ. ಹೆತ್ತ ಹೊಟ್ಟೆ ಹಾಗೆ ಲೆಕ್ಕ ಹಾಕಿತು.

"ಹೂಂ ಡಾಕ್ಟ್ರೇ. ಬಂದ್ಬಿಟ್ಟಿದಾನೆ. ಒಂದು ಗಂಟೆ ಹತ್ತು ನಿಮಿಷ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಡಾಕ್ಟರಮ್ಮ ತಲೆಯಾಡಿಸಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಕೆಳಗೆ ಆಂಬುಲೆನ್ಸಿನ ಸದ್ದಾಯಿತು. ಲಾರಿ ಡಿಕ್ಕಿಯಾದ ಯಾರನ್ನೋ ಹಾಕಿಕೊಂಡು ಅದು ಘಾಟಿಯ ಕಡೆ ಹೋಯಿತು. ಅವಳು ಕಿಟಕಿಯಿಂದ ನೋಡಿದಳು. ಅದರ ಹಿಂದಿನ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ, ಒಬ್ಬ ಒಳಗಿನಿಂದ ಹಿಡಿದುಕೊಂಡು ಕೂತಿದ್ದ.

ತಮ್ಮನಿಗೆ ಮತ್ತೆ ಫೋನು ಮಾಡಿದಳು. ಸ್ವಿಚ್ ಆಫ್. ವಿಮಾನ ಹತ್ತಿರಬೇಕು, ಆರಿಸಿರುತ್ತಾನೆ, ಇದೊಂದು ಸಲ ಗಂಡಸಿನಂತೆ ಮಾತು ಉಳಿಸಿಕೊಂಡ ಎಂದು ಅವಳಿಗೆ ಕಣ್ಣಲ್ಲಿ ನೀರೇ ಬಂತು. ಫೋನು ಹತ್ತದಿದ್ದುದಕ್ಕೆ ಅಷ್ಟು ಸಂತೋಷಪಟ್ಟವರು ಲೋಕದಲ್ಲಿ ಬೇರೆ ಇರಲಿಕ್ಕಿಲ್ಲ.

ಹೊತ್ತಿಗೆ ಸರಿಯಾಗಿ ವಿಮಾನ ಎದ್ದಿತು. ಎಲ್ಲಿದೆ ಎಂದು ತೋರಿಸುವ ನಕ್ಷೆ ಅವಳ ಫೋನಿನಲ್ಲಿತ್ತು. ಹಳದಿ ಬಣ್ಣದ ಸಣ್ಣ ವಿಮಾನ, ಅಕ್ಕಿಕಾಳಿನಷ್ಟು. ಅತ್ತೆ ಅಳಿಯ ಇಬ್ಬರೂ ಬೆಂಚಿನ ಮೇಲೆ ತಲೆಗೆ ತಲೆ ತಾಗಿಸಿ ಅದನ್ನೇ ನೋಡಿದರು. ಅದು ನದಿ ದಾಟಿತು. ಬೆಟ್ಟದ ಸಾಲು ದಾಟಿತು. "ಬಾರಪ್ಪ, ಬಾ" ಎಂದು ಅವಳು ಬೆರಳ ತುದಿಯಿಂದ ನಕ್ಷೆಯನ್ನು ಸವರಿದರೆ ನಕ್ಷೆಯೇ ಜರುಗಿ ವಿಮಾನ ಕಾಣದೇ ಹೋಗುತ್ತಿತ್ತು. ಅಳಿಯ ಮತ್ತೆ ಎಳೆದು ತರುತ್ತಿದ್ದ.

ನಡುವೆ ಡಾಕ್ಟರಮ್ಮ ಒಮ್ಮೆ ಬಂದು ಗಡಿಯಾರ ನೋಡಿದರು. "ಹೇಳಿದ ಹೊತ್ತು ಆಗೋಯ್ತಲ್ಲ?"

"ಮೇಲಿದೆ ಡಾಕ್ಟ್ರೇ, ಇಳೀತಾ ಇದೆ." ಅವಳು ಮುಖ ಎತ್ತಲಿಲ್ಲ.

"ಬೇಗ ಆಗ್ಲಿ. ರಕ್ತ ಹೆಚ್ಚಾಗ್ತಿದೆ."

ಅಳಿಯನನ್ನು ಏರ್‌ಪೋರ್ಟಿಗೆ ಅಟ್ಟಿದಳು. ತಾನು ಒಳಗೆ ಮಗಳ ಹತ್ತಿರ ಹೋದಳು. ಮಗಳ ತುಟಿ ಗೋಡೆಯ ಸುಣ್ಣದಂತೆ ಬಿಳಿಚಿತ್ತು. ಕೈ ಮುಟ್ಟಿದರೆ ತಣ್ಣಗೆ. ಕಾಲಕಡೆ ಮಂಚವನ್ನು ಇಟ್ಟಿಗೆ ಕೊಟ್ಟು ಎತ್ತರಿಸಿದ್ದರು.

"ಮಾಮ ಏನಂದ ಅಮ್ಮ?"

"ಬಂದ್ಬಿಟ್ಟಿದಾನೆ ಪುಟ್ಟಿ."

ಮಗಳಿಗೆ ಆ ಸ್ಥಿತಿಯಲ್ಲೂ ನಗು ಬಂತು. "ಬಂದೆ ಅಂದ್ನಾ? ಹಂಗಾದ್ರೆ ಸಂಜೆ ಆಗುತ್ತೆ ಬಿಡು."

"ಬಿಡ್ತು ಅನ್ನು! ಇವತ್ತು ಹಂಗಲ್ಲ. ವಿಮಾನದಲ್ಲಿದಾನೆ, ನಾನೇ ನೋಡ್ತಾ ಇದೀನಿ, ಇಗೋ" ಎಂದು ಫೋನು ತೋರಿಸಿದಳು. ಹಳದಿ ಕಾಳು ನೀಲಿ ಗೆರೆಯ ತುದಿ ಮುಟ್ಟಿ ನಿಂತಿತ್ತು.

ಸ್ವಲ್ಪ ಹೊತ್ತಿಗೆ ಅಳಿಯ ಫೋನು ಮಾಡಿದ. ಅವಳು ವರಾಂಡಕ್ಕೆ ಓಡಿದಳು.

"ಅತ್ತೆ, ಎಲ್ರೂ ಹೊರಗೆ ಬಂದ್ರು. ಮಾವ ಇಲ್ಲ."

"ಸರಿಯಾಗಿ ನೋಡೋ. ಪೆಟ್ಟಿಗೆ ಹತ್ರ ಇರಬೇಕು."

"ಪೆಟ್ಟಿಗೆ ಬಳೆ ನಿಲ್ಸಿಬಿಟ್ರು ಅತ್ತೆ. ಒಳಗೆ ಯಾರೂ ಇಲ್ಲ. ಕಸ ಗುಡಿಸ್ತಿದಾರೆ."

ಫೋನು ಕಿವಿಯಲ್ಲೇ ಇತ್ತು, ಇನ್ನೊಂದು ಕರೆ ಬರುತ್ತಿತ್ತು. ಗುರುತಿಲ್ಲದ ನಂಬರು.

"ಅಕ್ಕ, ನಾನು. ನನ್ನ ಫೋನು ಲಿಫ್ಟಿನ ಗುಂಡಿಗೆ ಬಿತ್ತು, ಇದು ಪಕ್ಕದ ಮನೆಯವರದು. ಬಂದೆ ಅಕ್ಕ..."

"ಎಲ್ಲಿದೀಯ?"

"ಇಲ್ಲೇ."

"ಇಲ್ಲೇ ಅಂದ್ರೆ ಎಲ್ಲೋ? ಯಾವ ಊರಲ್ಲಿದೀಯ ಬೊಗಳು!"

ಮನೆಯಲ್ಲಿದ್ದ. ಅವನ ಮನೆಯಲ್ಲಿ. ಅವನು ಏರ್‌ಪೋರ್ಟಿನಲ್ಲಿ ಇದ್ದದ್ದು ನಿಜವೇ, ಲಿಫ್ಟ್ ರಿಪೇರಿಗೆ ಹೋಗಿದ್ದ. ಕೆಲಸದವರ ಗೇಟಿನಿಂದ, ಕಂಪನಿಯ ಪಾಸ್ ಕೊರಳಿಗೆ ಹಾಕಿಕೊಂಡು. ಆ ಪಾಸಿನಲ್ಲಿ ಲಿಫ್ಟಿನ ತನಕ ಹೋಗಬಹುದು, ವಿಮಾನದ ತನಕ ಆಗದು. ಗುರುತಿನ ಚೀಟಿ ಮನೆಯಲ್ಲಿ, ಬೀರುವಿನಲ್ಲಿ. ಪ್ರಯಾಣಿಕರ ಬಾಗಿಲಲ್ಲಿ ಕಾವಲಿನವನ ಕಾಲು ಹಿಡಿದಿದ್ದ, ಅತ್ತಿದ್ದ, ಆಮೇಲೆ ಊರಿನ ಆ ತುದಿಯ ಮನೆಗೆ ಓಡಿದ್ದ. ಹೇಳೋಣವೆಂದರೆ ಫೋನಿಲ್ಲ, ಅಕ್ಕನ ನಂಬರು ಬಾಯಿಗೆ ಬಾರದು. ಮನೆಯ ಗೋಡೆಯ ಮೇಲೆ ಬರೆದಿಟ್ಟದ್ದನ್ನು ನೋಡಿ ಈಗ ಹಚ್ಚುತ್ತಿದ್ದಾನೆ.

"ಬಂದ್ಬಿಟ್ಟೆ ಅಂದ್ಯಲ್ಲೋ!" ಅವಳು ಕಿರುಚಿದಳು. ಹೋಗಿ ಬರುವವರು ನಿಂತು ನೋಡಿದರು. "ಬಂದ್ಬಿಟ್ಟೆ ಅಂದ್ಯಲ್ಲೋ ಪಾಪಿ! ನಿನ್ನ ಮಾತು ನಂಬಿ ಆಂಬುಲೆನ್ಸ್ ಕಳಿಸಿಬಿಟ್ಟೆ ನಾನು!"

"ಹೊರಟೆ ಅಂತ ಹೇಳಿದ್ದು ಅಕ್ಕ... ನಾವು ಹಂಗೇ ಅಲ್ವಾ ಹೇಳೋದು?"

ಹೌದು. ಹಾಗೇ ಹೇಳುವುದು. ಕರೆದರೆ ಎದ್ದೇಳುವ ಮೊದಲೇ "ಬಂದೆ" ಎನ್ನುವುದು. ಅವಳ ಅಮ್ಮ ಹಾಗೇ ಹೇಳುತ್ತಿದ್ದಳು, ಅವಳೂ ದಿನಕ್ಕೆ ಹತ್ತು ಸಲ ಹೇಳುತ್ತಾಳೆ. ಬೈಯಬೇಕೆಂದರೆ ಯಾರನ್ನು ಬೈಯುವುದು? ಅವನು ಬಂದೆ ಎಂದದ್ದು ಅವಳನ್ನು ಸಮಾಧಾನ ಮಾಡಲು. ಅವಳು ಡಾಕ್ಟರಮ್ಮನಿಗೆ ಬಂದ ಎಂದದ್ದು ಮಗಳು ಅಲುಗದಿರಲಿ ಎಂದು. ಇಬ್ಬರ ಪ್ರೀತಿಯೂ ಸೇರಿ ಮಗಳ ಕುತ್ತಿಗೆಗೆ ಬಂದಿತ್ತು.

ಅಳುವುದಕ್ಕೆ ಹೊತ್ತಿರಲಿಲ್ಲ. "ಚೀಟಿ ಹಿಡ್ಕೊಂಡು ಏರ್‌ಪೋರ್ಟಿಗೆ ಓಡು!" ಎಂದು ಫೋನು ಇಟ್ಟಳು. ಮೊದಲು ಡಾಕ್ಟರಮ್ಮನ ಹತ್ತಿರ ಹೋಗಿ ನಿಂತಳು. "ಬಂದಿಲ್ಲ ಡಾಕ್ಟ್ರೇ. ಹೊರಟೇ ಇಲ್ಲ. ಒಂದು ಗಂಟೆ ಹತ್ತು ನಿಮಿಷ ಅಂದಿದ್ದು ಹಾರೋ ಲೆಕ್ಕ. ನನಗೆ ಗೊತ್ತಿತ್ತು."

ಡಾಕ್ಟರಮ್ಮನ ಮುಖ ಕೆಂಪಾಯಿತು. ಬೈಯಲು ಬಾಯಿ ತೆರೆದವರು ಅವಳ ಮುಖ ನೋಡಿ ನಿಲ್ಲಿಸಿದರು. "ಈಗ ಘಾಟಿ ಹತ್ತಿಸೋ ಹಾಗಿಲ್ಲ. ಎಷ್ಟು ಹೊತ್ತು? ನಿಜ ಹೇಳಿ."

"ತಲುಪೋದು ಮೂರು ಗಂಟೆ. ಎಲ್ಲ ಸರಿ ಹೋದ್ರೆ."

"ಅಷ್ಟು ಹೊತ್ತು ನನ್ನ ಕೈಲಿಲ್ಲ," ಎಂದು ಡಾಕ್ಟರಮ್ಮ ಹೇಳಿದರು. "ಕಾಯೋ ಅಷ್ಟು ಕಾಯ್ತೀನಿ. ಆಮೇಲೆ ರಕ್ತ ಇಲ್ಲದೇ ಇದ್ರೂ ಕತ್ತರಿ ಹಾಕಲೇಬೇಕು. ದೊಡ್ಡಾಸ್ಪತ್ರೆಯಿಂದ ಕಳಿಸ್ತಾರಾ ಕೇಳ್ತೀನಿ." ಕೇಳಿದರು. ಇಲ್ಲಿಂದ ಹೋದ ಆಂಬುಲೆನ್ಸೇ ಇನ್ನೂ ಅಲ್ಲಿಗೆ ತಲುಪಿರಲಿಲ್ಲ. ಮಂಜುಗಟ್ಟಿಸಿಟ್ಟ ರಕ್ತದ ಬ್ಯಾಗು ಕರಗಿಸಿ ಗಾಡಿಗೆ ಹಾಕಿದರೂ ಸಂಜೆ ಮೇಲೆ ಎಂದರು.

ಟಿಕೆಟ್ ಅಕ್ಕ ಕೆಳಗೆ ಮೆಟ್ಟಿಲ ಮೇಲೆ ಕೂತು ತಮ್ಮನ ಊರಿನ ಏರ್‌ಪೋರ್ಟಿನ ಕೌಂಟರ್ ಹುಡುಗಿಗೆ ಫೋನು ಮಾಡಿದಳು. ಹುಡುಗಿಯ ಮುಖ ಯಾವತ್ತೂ ಕಂಡವಳಲ್ಲ. ಎಷ್ಟೋ ಗಿರಾಕಿಗಳಿಗಾಗಿ ಅವಳೊಡನೆ ಜಗಳವಾಡಿದ್ದಳು, ಅಷ್ಟೇ ಪರಿಚಯ. ಮುಂದಿನ ವಿಮಾನ ತುಂಬಿತ್ತು.

"ನೋಡಮ್ಮ, ನಿನ್ನ ಹತ್ರ ಯಾವತ್ತೂ ಬೇಡಿಲ್ಲ, ಬರೀ ಬೈದಿದೀನಿ. ಇವತ್ತು ಬೇಡ್ತಾ ಇದೀನಿ. ನನ್ನ ಮಗಳು ಸಾಯ್ತಾ ಇದಾಳೆ. ಯಾರ ಕಾಲಾದ್ರೂ ಹಿಡಿದು ಒಂದು ಸೀಟು ಕೊಡಿಸು."

ಹುಡುಗಿ, "ಕೇಳಿ ನೋಡ್ತೀನಿ ಅಕ್ಕ. ಅವ್ರು ಬಂದಿದಾರಾ?" ಎಂದಳು.

"ಅವನು ಏನು ಹೇಳ್ತಾನೆ ಅಂತ ಕೇಳ್ಲೇಬೇಡ! ಕಂಡ ತಕ್ಷಣ ತೋಳು ಹಿಡ್ಕೋ. ನೀನೇ ಒಳಗೆ ಕೂರ್ಸು. ವಿಮಾನದ ಬಾಗಿಲು ಮುಚ್ಚಿದ ಮೇಲೆ ನೀನು ನನಗೆ ಹೇಳು. ಅವನಲ್ಲ, ನೀನು."

ಅವಳು ಮೇಲೆ ಬಂದು ಗಂಟೆ ಕಳೆಯುವ ಹೊತ್ತಿಗೆ ಮಗಳನ್ನು ಗಾಲಿಮಂಚಕ್ಕೆ ಬದಲಿಸುತ್ತಿದ್ದರು. ರಕ್ತ ಹಾಸಿಗೆ ದಾಟಿ ನೆಲಕ್ಕೆ ಬಿದ್ದಿತ್ತು. ಕಾಯುವುದು ಮುಗಿದಿತ್ತು.

"ಅಮ್ಮ, ಹೋಗ್ತೀನಿ," ಎಂದಳು ಮಗಳು.

"ಹೋಗಿ ಬರ್ತೀನಿ ಅನ್ನೇ!" ಟಿಕೆಟ್ ಅಕ್ಕ ಗದರಿಬಿಟ್ಟಳು. ಗದರಿದ ದನಿ ಅರ್ಧಕ್ಕೇ ಒಡೆಯಿತು. "ಬರ್ತೀನಿ ಅನ್ನು ಪುಟ್ಟಿ. ಹಾಗೆ ಅನ್ನಬಾರದು, ಬರ್ತೀನಿ ಅನ್ನು."

ಮಗಳ ತುಟಿ ಅಲುಗಿತು. ಗಾಲಿಗಳು ಕಿರ್ರೆಂದವು, ಏನೆಂದಳೋ ಕೇಳಲಿಲ್ಲ. ಬಾಗಿಲು ಎರಡು ಸಲ ಹಿಂದೆ ಮುಂದೆ ಆಡಿ ನಿಂತಿತು.

ಆಗಲೇ ಫೋನಿಗೆ ಮಾತು ಬಂತು. ಕೌಂಟರ್ ಹುಡುಗಿ. ಮದುವೆಗೆ ಹೊರಟಿದ್ದ ಯಾರೋ ಹೆಂಗಸು ಇಳಿದು ಸೀಟು ಬಿಟ್ಟುಕೊಟ್ಟಳಂತೆ. "ಬಾಗಿಲು ಮುಚ್ಚಿದ್ರು ಅಕ್ಕ. ನಾನೇ ಬೆಲ್ಟ್ ಹಾಕಿ ಬಂದೆ."

ಇನ್ನು ಉಳಿದದ್ದು ಹಾರುವುದು. ಒಂದು ಗಂಟೆ ಹತ್ತು ನಿಮಿಷ. ಎಷ್ಟು ಸಾವಿರ ಜನರಿಗೆ "ಹಾರೋದೇನು ಮಹಾ, ಕಣ್ಣು ಮುಚ್ಚಿ ಬಿಡೋದ್ರಲ್ಲಿ ಆಯ್ತು" ಎಂದು ಹೇಳಿ ಕಳಿಸಿದ್ದಳೋ. ಅವರಲ್ಲಿ ಎಷ್ಟು ಜನ ಆ ಹೊತ್ತಿನಲ್ಲಿ ಹೀಗೆ ಸತ್ತು ಬದುಕಿದರೋ ಈಗ ಯೋಚಿಸಿದಳು. ನಕ್ಷೆ ತೆರೆಯುವ ಧೈರ್ಯವಾಗಲಿಲ್ಲ. ಫೋನನ್ನು ಬೆಂಚಿನ ಮೇಲೆ ಬೋರಲು ಹಾಕಿದಳು. ಆಪರೇಷನ್ ಕೋಣೆಯ ಬಾಗಿಲಿಗೆ ಅರ್ಧದವರೆಗೆ ಹಸಿರು ಬಣ್ಣ, ಅಲ್ಲಿಂದ ಮೇಲೆ ಗಾಜು, ಗಾಜಿಗೆ ಕಾಗದ ಅಂಟಿಸಿದ್ದರು. ಕಾಗದದ ಒಂದು ಮೂಲೆ ಎದ್ದಿತ್ತು. ಅಲ್ಲಿಂದ ದೀಪದ ಬೆಳಕಲ್ಲದೆ ಏನೂ ಕಾಣದು, ಆದರೂ ಅಲ್ಲೇ ಕಣ್ಣು ನೆಟ್ಟಳು. ತೊಡೆಯ ಮೇಲೆ ಕೈ ತಿಕ್ಕಿ ತಿಕ್ಕಿ ಸೀರೆ ಬಿಸಿಯಾಯಿತು.

ಒಳಗೆ ಮಗು ಅತ್ತಿತು.

ಅವಳಿಗೆ ಸಂತೋಷವಾಗಲಿಲ್ಲ. ಹೇಳಬಾರದು, ಆದರೆ ಆಗಲಿಲ್ಲ. ಆ ಅಳುವಿನ ಹಿಂದೆ ಇನ್ನೊಂದು ದನಿ ಕೇಳಿಸೀತೇ ಎಂದು ಕಿವಿಯಾದಳು. ಸಿಸ್ಟರ್ ಒಬ್ಬಳು ಬಾಗಿಲು ಸರಿಸಿ ತಲೆ ಹೊರಹಾಕಿ, "ರಕ್ತ ಬಂತಾ?" ಎಂದಳು. ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಮತ್ತೆ ಬಂದು, "ಬಂತಾ?" ಎಂದಳು. ಮೂರನೆಯ ಸಲ ಕೇಳಲಿಲ್ಲ, ಬರೀ ನೋಡಿ ಹೋದಳು.

ಏರ್‌ಪೋರ್ಟಿನಲ್ಲೇ ಕಾದು ನಿಂತಿದ್ದ ಅಳಿಯನ ಫೋನು ಬಂತು. "ಅತ್ತೆ, ಸಿಕ್ಕಿದ್ರು, ಹೊರಟ್ವಿ." ಅವಳು ನಂಬಲಿಲ್ಲ. "ಅವನ ಕೈಗೆ ಕೊಡು. ಲೋ, ಎದುರಿಗೆ ಏನು ಕಾಣ್ತಿದೆ ಹೇಳು."

"ನಿಮ್ಮೂರಿನ ನೀರಿನ ಟ್ಯಾಂಕು," ಎಂದ ತಮ್ಮ. "ಅದಕ್ಕೆ ಹೊಸ ಬಣ್ಣ ಹೊಡ್ದಿದಾರೆ."

ಹೌದು, ಹೊಡೆದಿದ್ದರು. ಅವಳು ಆಗ ಮೊದಲ ಸಲ ಅತ್ತಳು.

ಅವನು ಬಂದದ್ದು ಓಡಿಕೊಂಡು. ಲಿಫ್ಟ್ ಇದ್ದರೂ ಮೆಟ್ಟಿಲು ಹತ್ತಿಬಂದ, ಲಿಫ್ಟಿನವನೇ ಲಿಫ್ಟನ್ನು ನಂಬಲಿಲ್ಲ. ಕೈಯೆಲ್ಲ ಗ್ರೀಸು, ಕೊರಳಲ್ಲಿ ಇನ್ನೂ ಅದೇ ಕೆಲಸಕ್ಕೆ ಬಾರದ ಪಾಸು, ಒಂದು ಬೂಟಿನ ಲೇಸು ನೆಲ ಗುಡಿಸುತ್ತಿತ್ತು. ಅಕ್ಕನನ್ನು ಕಂಡು ಬಾಯಿ ತೆರೆದ. ಹುಟ್ಟಿದಾಗಿನಿಂದ ಆಡಿದ ಮಾತು ಬಾಯಿಗೆ ಬಂತು, ತುಟಿಯ ಹತ್ತಿರ ಬಂದು ನಿಂತಿತು. ಅಂಗಿಯ ತೋಳು ಮಡಚಿ ಕೈಯನ್ನು ಅವಳ ಮುಂದೆ ಹಿಡಿದ. ಸಿಸ್ಟರ್ ಅವನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು.

ಪರೀಕ್ಷೆಗೆಂದು ಇನ್ನಷ್ಟು ಹೊತ್ತು ಹೋಯಿತು. ಆಮೇಲೆ ಸಿಸ್ಟರ್ ರಕ್ತದ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವಳ ಎದುರೇ ದಾಟಿ ಹೋದಳು. ಬಾಗಿಲು ಮತ್ತೆ ಎರಡು ಸಲ ಆಡಿತು. ತಮ್ಮ ಬಂದು ಪಕ್ಕ ಕೂತ. ಇನ್ನೊಂದು ಚೀಲ ತಗೊಳ್ಳಿ ಎಂದು ಜಗಳವಾಡಿ ಬೈಸಿಕೊಂಡು ಬಂದಿದ್ದ. ಅಕ್ಕ ಅವನ ಮುಖ ನೋಡಲಿಲ್ಲ, ಬಗ್ಗಿ ಅವನ ಬೂಟಿನ ಲೇಸು ಕಟ್ಟಿದಳು. ಅವನು ಮುಖ ಮುಚ್ಚಿಕೊಂಡು ಅತ್ತ.

ಡಾಕ್ಟರಮ್ಮ ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಅವರ ಮುಖದಲ್ಲಿ ಏನೂ ಓದಲಾಗಲಿಲ್ಲ.

"ಹೆಣ್ಣು ಮಗು. ಚೆನ್ನಾಗಿದೆ. ತಾಯಿಗೆ ರಕ್ತ ಹೋಗೋದು ನಿಂತಿದೆ. ಆದ್ರೆ ನಿಮ್ಮ ತಮ್ಮನ ರಕ್ತ ಒಳಗೆ ಹೋಗೋ ಹೊತ್ತಿಗೆ ತುಂಬ ಇಳಿದುಬಿಟ್ಟಿದ್ಲು. ಎಷ್ಟು ಕರೆದ್ರೂ ಓಗೊಡ್ತಿಲ್ಲ. ಕಣ್ಣು ಬಿಟ್ರೆ, ಮಾತಾಡಿದ್ರೆ, ಗೆದ್ದ ಹಾಗೆ. ನೀವು ಬಂದು ಕರೀರಿ. ತಾಯಿ ದನಿ ಬೇರೆ."

ಟಿಕೆಟ್ ಅಕ್ಕ ಮಂಚದ ಪಕ್ಕ ನಿಂತಳು. ಮಗಳು ಮಲಗಿದ್ದ ರೀತಿ ಅವಳಿಗೆ ಸಹಿಸಲಾಗಲಿಲ್ಲ, ಅಷ್ಟು ಅಚ್ಚುಕಟ್ಟಾಗಿ ಯಾವತ್ತೂ ಮಲಗಿದವಳಲ್ಲ. ಮೆಲ್ಲಗೆ ಕರೆದಳು. ಗಟ್ಟಿಯಾಗಿ ಕರೆದಳು. ಮುದ್ದಿನಿಂದ ಕರೆದಳು, ಬೇಡಿಕೊಂಡಳು. ಏನೂ ಇಲ್ಲ. ಪಕ್ಕದಲ್ಲಿ ಯಂತ್ರವೊಂದು ತನ್ನಷ್ಟಕ್ಕೆ ಸದ್ದು ಮಾಡುತ್ತಿತ್ತು. ಸಿಸ್ಟರ್ ನೆಲ ನೋಡಿದಳು.

ಕೊನೆಗೆ ಅವಳಿಗೆ ರೋಸಿಹೋಯಿತು. ಡಾಕ್ಟರು, ಆಸ್ಪತ್ರೆ ಎಲ್ಲ ಮರೆತು ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದೆ ಸಂಜೆಯ ಹೊತ್ತು ಮನೆ ಬಾಗಿಲಲ್ಲಿ ನಿಂತು ಬೀದಿಯ ತುದಿಯಲ್ಲಿ ಆಡುತ್ತಿದ್ದ ಹುಡುಗಿಯನ್ನು ಕೂಗುತ್ತಿದ್ದಂತೆ ಕೂಗಿದಳು.

"ಏಯ್! ಎಷ್ಟು ಸಲ ಕರೀಬೇಕೇ ನಿನ್ನ? ಕತ್ತಲಾಗ್ತಾ ಬಂತು! ಬರ್ತೀಯೋ ಇಲ್ವೋ?"

ಮಗಳ ಹುಬ್ಬು ಸಣ್ಣಗೆ ಗಂಟಿಕ್ಕಿತು. ಆಟ ಬಿಟ್ಟು ಬರಲು ಮನಸ್ಸಿಲ್ಲದವರ ಹಾಗೆ. ಕಣ್ಣು ಮುಚ್ಚಿಯೇ ಇತ್ತು. ಒಣಗಿದ ತುಟಿ ಬಿಡಿಸಿಕೊಂಡಿತು.

"ಬಂದೆ," ಎಂದಳು.

ಆ ಮಾತು ಕೇಳಿ ಟಿಕೆಟ್ ಅಕ್ಕನ ಜೀವವೇ ಬಾಯಿಗೆ ಬಂತು. ಅದರ ಅರ್ಥ ಅವಳಷ್ಟು ತಿಳಿದವರು ಇನ್ಯಾರು? ಬಾಗಿಲ ಬಳಿ ನಿಂತಿದ್ದ ತಮ್ಮ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ.

"ಎಲ್ಲಿದೀಯ?" ಎಂದಳು ತಾಯಿ. "ಸರಿಯಾಗಿ ಹೇಳು ಪುಟ್ಟಿ. ಎಲ್ಲಿದೀಯ?"

ಹೊದಿಕೆಯೊಳಗೆ ಏನೋ ಹರಿದಾಡಿದಂತಾಯಿತು. ಮಗಳ ಕೈ ತಡವರಿಸಿ ಹೊರಗೆ ಬಂದು ತಾಯಿಯ ಕಿರುಬೆರಳನ್ನು ಹುಡುಕಿ ಹಿಡಿಯಿತು. ಟಿಕೆಟ್ ಅಕ್ಕ ಆ ಕೈಯನ್ನು ಎರಡೂ ಕೈಯಿಂದ ಮುಚ್ಚಿ, ಕೆನ್ನೆಗೆ ಒತ್ತಿ ನೋಡಿದಳು. ಬೆಚ್ಚಗಿತ್ತು.

ಬಂದಿದ್ದಳು.